ಮುಟ್ಟಿನ ಮುಂಚಿನ ತೊಂದರೆಗೆ ಸಸ್ಯಜನ್ಯ ಈಸ್ಟ್ರೋಜೆನ್: ಸೋಯಾ, ಅಗಸೆ, ಎಳ್ಳು, ಶತಾವರಿಗಳಲ್ಲಿ ಯಾವುದು ಯಾರಿಗೆ?

ಮುಟ್ಟಿಗೆ ವಾರ ಹತ್ತು ದಿನ ಇರುವಾಗ ಕಾಣಿಸಿಕೊಂಡು, ಮುಟ್ಟಾದ ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿದುಹೋಗುವ ಸ್ತನಗಳ ಬಿಗಿತ, ಹೊಟ್ಟೆಯುಬ್ಬರ, ತಲೆನೋವು, ಸಿಡುಕು, ಅಳು, ನಿದ್ದೆಗೇಡು ಮುಂತಾದವುಗಳನ್ನು ವೈದ್ಯರು ಒಟ್ಟಾಗಿ ಪಿಎಂಎಸ್ ಎಂದು ಕರೆಯುತ್ತಾರೆ. ಇವುಗಳಿಗೆ ಪರಿಹಾರವೆಂದು ‘ನೈಸರ್ಗಿಕ ಈಸ್ಟ್ರೋಜೆನ್’ ಎಂಬ ಹೆಸರಿನಲ್ಲಿ ಮಾರಾಟವಾಗುವ, ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್‌ನಂತೆ ಸ್ವಲ್ಪಮಟ್ಟಿಗೆ ವರ್ತಿಸುವ ಸಸ್ಯಜನ್ಯ ವಸ್ತುಗಳು ಈಗ ನಮ್ಮ ಜಿಲ್ಲೆಯಲ್ಲೂ ಸುಲಭವಾಗಿ ಸಿಗುತ್ತವೆ. ಕಾರವಾರದ ಔಷಧದಂಗಡಿಯಲ್ಲಿ ಸೋಯಾದಲ್ಲಿರುವ ಇಂಥ ವಸ್ತುವಾದ ಐಸೋಫ್ಲೇವೋನ್‌ನ ಕ್ಯಾಪ್ಸೂಲ್ ಕೇಳಿ ಪಡೆಯಬಹುದು, ಶಿರಸಿಯ ಆಯುರ್ವೇದದ ಅಂಗಡಿಯಲ್ಲಿ ಶತಾವರಿ ಚೂರ್ಣ ಮತ್ತು ಅಶೋಕ ಮರದ ತೊಗಟೆಯಿಂದ ಮಾಡುವ ಅಶೋಕಾರಿಷ್ಟ ಇರುತ್ತವೆ, ಘಟ್ಟದ ಮೇಲಿನಿಂದ ಅಗಸೆ ಬೀಜ ಬರುತ್ತದೆ, ಎಳ್ಳಂತೂ ಮನೆಯ ಡಬ್ಬಿಯಲ್ಲೇ ಇದೆ. ಇವೆಲ್ಲ ಒಂದೇ ಕೆಲಸ ಮಾಡುತ್ತವೆ ಎಂಬ ಭಾವನೆಯಿಂದ ಕೈಗೆ ಸಿಕ್ಕಿದ್ದನ್ನು ಕೊಂಡು ತರುವವರೇ ಹೆಚ್ಚು. ಆದರೆ ಇವುಗಳಲ್ಲಿರುವ ರಾಸಾಯನಿಕಗಳು, ದೇಹದಲ್ಲಿ ಅವು ಹಿಡಿಯುವ ದಾರಿ, ಅವುಗಳ ಹಿಂದಿರುವ ಸಾಕ್ಷ್ಯ, ಎಲ್ಲವೂ ಬೇರೆ ಬೇರೆ.

ಕೊಳ್ಳುವ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದಿದೆ: ಪಿಎಂಎಸ್ ಬರುವುದು ಈಸ್ಟ್ರೋಜೆನ್ ಕಡಿಮೆಯಾದ್ದರಿಂದಲೇ? ಹೆಚ್ಚಿನ ಜಾಹೀರಾತುಗಳು ಹೌದೆಂಬಂತೆ ಬರೆಯುತ್ತವೆ. ಋತುಬಂಧದ ವಯಸ್ಸಿನಲ್ಲಿ ಈಸ್ಟ್ರೋಜೆನ್ ನಿಜವಾಗಿಯೂ ಕುಸಿಯುತ್ತದೆ, ಆದ್ದರಿಂದ ಮೈ ಬಿಸಿಯೇರುವಿಕೆಗೆ ಸೋಯಾ ಕೊಟ್ಟು ನೋಡುವುದಕ್ಕೆ ಒಂದು ತರ್ಕವಿದೆ. ಅದೇ ತರ್ಕವನ್ನು ಇಪ್ಪತ್ತೈದು ಮೂವತ್ತರ ವಯಸ್ಸಿನವರಿಗೆ ಹಾಗೆಯೇ ದಾಟಿಸಿದ್ದೇ ಈ ಮಾರುಕಟ್ಟೆಯ ಮೂಲ ದೋಷ ಎಂಬುದು ನನ್ನ ಅಭಿಪ್ರಾಯ. ಪಿಎಂಎಸ್ ಇರುವವರ ರಕ್ತದಲ್ಲಿ ಹಾರ್ಮೋನುಗಳ ಮಟ್ಟ ಇಲ್ಲದವರದ್ದಕ್ಕಿಂತ ಭಿನ್ನವಾಗಿರುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚುಚ್ಚುಮದ್ದಿನ ಮೂಲಕ ಅಂಡಾಶಯದ ಹಾರ್ಮೋನುಗಳನ್ನು ಪೂರ್ತಿ ತಗ್ಗಿಸಿದಾಗ ತೀವ್ರ ಪಿಎಂಎಸ್ ಇದ್ದ ಹಲವರ ತೊಂದರೆ ಶಮನವಾಯಿತು. ಬಳಿಕ ಈಸ್ಟ್ರೋಜೆನ್ ಅಥವಾ ಪ್ರೊಜೆಸ್ಟರಾನ್ ಮರಳಿ ಕೊಟ್ಟಾಗ ಅವರಲ್ಲಿ ಲಕ್ಷಣಗಳು ಮತ್ತೆ ತಲೆಯೆತ್ತಿದವು, ಪಿಎಂಎಸ್ ಇಲ್ಲದ ಮಹಿಳೆಯರಿಗೆ ಅದೇ ಹಾರ್ಮೋನು ಕೊಟ್ಟಾಗ ಏನೂ ಆಗಲಿಲ್ಲ. ಅಂದರೆ ತೊಂದರೆ ಇರುವುದು ಹಾರ್ಮೋನಿನ ಸಹಜ ಏರಿಳಿತಕ್ಕೆ ಕೆಲವರ ಮೆದುಳು ಸ್ಪಂದಿಸುವ ರೀತಿಯಲ್ಲಿ. ಮೆದುಳಿನಲ್ಲಿ ಮನಸ್ಥಿತಿಯನ್ನು ಪ್ರಭಾವಿಸುವ ಸೆರೊಟೋನಿನ್ ಎಂಬ ರಾಸಾಯನಿಕದ ವ್ಯವಸ್ಥೆಗೆ ಇದರಲ್ಲಿ ಪಾತ್ರವಿದೆ ಎಂಬುದಕ್ಕೆ ಒಳ್ಳೆಯ ಆಧಾರಗಳಿವೆ.

ಹೀಗಿರುವಾಗ ‘ಕೊರತೆ ತುಂಬುತ್ತದೆ’ ಎಂಬ ಬರಹವಿರುವ ಡಬ್ಬಿಯನ್ನು ಅನುಮಾನದಿಂದಲೇ ನೋಡಬೇಕು. ಸಸ್ಯಜನ್ಯ ಈಸ್ಟ್ರೋಜೆನ್‌ಗಳಿಂದ ಏನೂ ಪ್ರಯೋಜನವಿಲ್ಲ ಎಂದು ಇದರಿಂದ ಸಾಬೀತಾಗುವುದಿಲ್ಲ. ನಮ್ಮ ಜೀವಕೋಶಗಳಲ್ಲಿ ಈಸ್ಟ್ರೋಜೆನ್ ಬಂದು ಕೂರುವ ಗ್ರಾಹಕಗಳು ಆಲ್ಫಾ ಮತ್ತು ಬೀಟಾ ಎಂದು ಎರಡು ಬಗೆ. ಬೀಟಾ ಪತ್ತೆಯಾದದ್ದು 1996ರಲ್ಲಿ. ಸೋಯಾದ ಐಸೋಫ್ಲೇವೋನ್‌ಗಳು ಮುಖ್ಯವಾಗಿ ಬೀಟಾ ಗ್ರಾಹಕವನ್ನು, ಅದೂ ದೇಹದ ಸ್ವಂತ ಈಸ್ಟ್ರೋಜೆನ್‌ಗಿಂತ ಬಹಳ ದುರ್ಬಲವಾಗಿ, ಹಿಡಿಯುತ್ತವೆ. ದೇಹದ ಈಸ್ಟ್ರೋಜೆನ್ ಹೇರಳವಾಗಿರುವ ದಿನಗಳಲ್ಲಿ ಇಂಥ ದುರ್ಬಲ ವಸ್ತು ಜಾಗ ಹಿಡಿದು ಪರಿಣಾಮವನ್ನು ಸ್ವಲ್ಪ ತಗ್ಗಿಸಲೂಬಹುದು. ಸ್ತನಗಳ ಬಿಗಿತದಂತಹ ದೈಹಿಕ ಲಕ್ಷಣಗಳಲ್ಲಿ ಅಷ್ಟಿಷ್ಟು ಫಲ ಕಂಡಿರುವುದಕ್ಕೆ ಇದು ಒಂದು ವಿವರಣೆ ಇರಬಹುದು. ಮನಸ್ಸಿನ ಲಕ್ಷಣಗಳಿಗೆ ಈ ವಿವರಣೆ ಒದಗುವುದಿಲ್ಲ.

ಸೋಯಾ: ಊಟದ್ದೋ, ಕ್ಯಾಪ್ಸೂಲಿನದ್ದೋ?

ಸಸ್ಯಜನ್ಯ ಈಸ್ಟ್ರೋಜೆನ್‌ಗಳ ಪೈಕಿ ಪಿಎಂಎಸ್‌ಗಾಗಿಯೇ ಪರೀಕ್ಷೆಗೆ ಒಳಗಾದವುಗಳಲ್ಲಿ ಸೋಯಾ ಒಂದು. ಬ್ರಿಟನ್ನಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 68 ಮಿಲಿಗ್ರಾಂ ಐಸೋಫ್ಲೇವೋನ್ ಇರುವ ಸೋಯಾ ಪ್ರೋಟೀನನ್ನೂ ಅದಿಲ್ಲದ ಹಾಲಿನ ಪ್ರೋಟೀನನ್ನೂ ಒಬ್ಬರಿಗೇ ಸರದಿಯಲ್ಲಿ ಕೊಟ್ಟು ಹೋಲಿಸಲಾಯಿತು. ಹೊಟ್ಟೆ ಹಿಡಿತ ಮತ್ತು ಮೈ ಬಾವು ಹಾಲಿನ ಪ್ರೋಟೀನಿಗಿಂತ ಸೋಯಾದಲ್ಲಿ ಹೆಚ್ಚು ಇಳಿದವು. ತಲೆನೋವು, ಸ್ತನನೋವು ಸೋಯಾ ಅವಧಿಯಲ್ಲಿ ಮೊದಲಿಗಿಂತ ಕಡಿಮೆಯಾದವು. ಆದರೆ ಒಟ್ಟು ಲಕ್ಷಣಗಳ ಲೆಕ್ಕ ತೆಗೆದರೆ ಎರಡರಲ್ಲೂ ಇಳಿಕೆ ಕಂಡಿತು. ಪ್ರಯೋಗ ಪೂರೈಸಿದವರು ಕೇವಲ 23 ಮಂದಿ. ಇಷ್ಟು ಸಣ್ಣ ಗುಂಪಿನ ಫಲಿತಾಂಶದ ಮೇಲೆ ದುಬಾರಿ ಡಬ್ಬಿಯೊಂದನ್ನು ತಿಂಗಳುಗಟ್ಟಲೆ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಡುಗೆಯಲ್ಲಿ ಸೋಯಾ ಸೇರಿಸಿ ನೋಡಲು ಅದು ಸಾಕಾದ ಆಧಾರ.

ಊಟದ ಮೂಲಕ ಎಷ್ಟು ಸಿಗುತ್ತದೆ? ಒಣ ಸೋಯಾಬೀನಿನ 100 ಗ್ರಾಂನಲ್ಲಿ ಸುಮಾರು 150 ಮಿಲಿಗ್ರಾಂ ಐಸೋಫ್ಲೇವೋನ್ ಇರುತ್ತದೆ, ಟೋಫುವಿನ 100 ಗ್ರಾಂನಲ್ಲಿ ಇಪ್ಪತ್ತರಿಂದ ಮೂವತ್ತರಷ್ಟು, ಒಂದು ಲೋಟ ಸೋಯಾ ಹಾಲಿನಲ್ಲಿ ಹೆಚ್ಚುಕಡಿಮೆ ಇಪ್ಪತ್ತು. ಜಪಾನಿನಲ್ಲಿ ಸಾಂಪ್ರದಾಯಿಕ ಊಟದಿಂದ ದಿನಕ್ಕೆ 25ರಿಂದ 50 ಮಿಲಿಗ್ರಾಂ ದೊರೆಯುತ್ತದೆ. ಧಾರವಾಡ, ಬೆಳಗಾವಿ ಕಡೆ ಬೆಳೆಯುವ ಸೋಯಾಬೀನು ಘಟ್ಟದ ಕೆಳಗೆ ನಮಗೆ ಅಷ್ಟಾಗಿ ಒಗ್ಗಿಲ್ಲ. ಇಲ್ಲಿ ಬಳಕೆಯಲ್ಲಿರುವುದು ಪಲಾವಿಗೆ ಹಾಕುವ ಸೋಯಾ ಚಂಕ್ಸ್. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡಿದ ಚಂಕ್ಸ್‌ನಲ್ಲಿ ಐಸೋಫ್ಲೇವೋನ್ ಉಳಿದಿರುತ್ತದೆ. ಮದ್ಯಸಾರದಿಂದ ತೊಳೆದು ತಯಾರಿಸುವ ಸೋಯಾ ಪ್ರೋಟೀನ್ ಪುಡಿಗಳಲ್ಲಿ ಬಹುಪಾಲು ಕಳೆದುಹೋಗಿರುತ್ತದೆ. ಸೋಯಾ ಎಣ್ಣೆಯಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಗೋಬಿ ಮಂಚೂರಿಗೆ ಸುರಿಯುವ ಸೋಯಾ ಸಾಸಿನದ್ದೂ ಅದೇ ಕತೆ, ಅದರಿಂದ ಸಿಗುವುದು ಉಪ್ಪು ಮಾತ್ರ, ಮತ್ತು ಉಪ್ಪು ಹೊಟ್ಟೆಯುಬ್ಬರವಿರುವವರಿಗೆ ಆ ವಾರದಲ್ಲಿ ಬೇಡವಾದದ್ದು. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಒಣಮೀನು, ಮಿಡಿ ಉಪ್ಪಿನಕಾಯಿ, ಹಪ್ಪಳಗಳನ್ನು ಕಡಿಮೆ ಮಾಡಿ ನೋಡಬೇಕೆಂಬ ಸಲಹೆಗೂ ಕಾರಣ ಇದೇ.

ಒಬ್ಬರಿಗೆ ಸೋಯಾ ಒಗ್ಗಿ ಇನ್ನೊಬ್ಬರಿಗೆ ಏನೂ ಮಾಡದಿರುವುದಕ್ಕೆ ಕರುಳಿನೊಳಗಿನ ಒಂದು ಕಾರಣವನ್ನೂ ಕೊಡುತ್ತಾರೆ. ಸೋಯಾದ ಡೈಡ್‌ಜೀನ್ ಎಂಬ ಅಂಶವನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಈಕ್ವಾಲ್ ಎಂಬ ಹೆಚ್ಚು ಪ್ರಬಲವಾದ ವಸ್ತುವಾಗಿ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಎಲ್ಲರಲ್ಲೂ ಇರುವುದಿಲ್ಲ. ಸೋಯಾ ಹೆಚ್ಚು ತಿನ್ನುವ ಪೂರ್ವ ಏಷ್ಯಾದ ಜನರಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಮಂದಿ ಈಕ್ವಾಲ್ ತಯಾರಿಸುತ್ತಾರೆ, ಪಾಶ್ಚಾತ್ಯರಲ್ಲಿ ಕಾಲುಭಾಗದ ಆಸುಪಾಸು. ನೆರೆಮನೆಯವರಿಗೆ ಗುಣವಾಯಿತೆಂದು ತನಗೂ ಆಗಲೇಬೇಕು ಎಂಬ ನಿರೀಕ್ಷೆ ಇಲ್ಲಿ ನಿಲ್ಲುವುದಿಲ್ಲ.

ಕ್ಯಾಪ್ಸೂಲನ್ನೇ ಆಯ್ದುಕೊಳ್ಳುವುದಾದರೆ ಲೇಬಲ್ಲಿನ ಹಿಂಬದಿಯನ್ನು ನಿಧಾನವಾಗಿ ಓದಬೇಕು. ಮುಂದೆ ದೊಡ್ಡದಾಗಿ ಬರೆದಿರುವ ‘ಸೋಯಾ ಸಾರ 500 ಮಿಲಿಗ್ರಾಂ’ ಎಂಬುದು ಸಾರದ ತೂಕ. ಅದರಲ್ಲಿ ಐಸೋಫ್ಲೇವೋನ್ ಶೇಕಡಾ 40 ಇದ್ದರೆ ಅದು 200 ಮಿಲಿಗ್ರಾಂ, ಶೇಕಡಾ 10 ಇದ್ದರೆ 50 ಮಾತ್ರ. ಸಕ್ಕರೆಯ ಅಣು ಅಂಟಿಕೊಂಡಿರುವ ಗ್ಲೈಕೊಸೈಡ್ ರೂಪದ ತೂಕ ಕೊಟ್ಟಿದ್ದರೆ, ಅದರಲ್ಲಿ ನಿಜವಾಗಿ ಕೆಲಸ ಮಾಡುವ ಅಂಶ ಸುಮಾರು ಶೇಕಡಾ 60. ಈ ಸಂಖ್ಯೆಗಳನ್ನೇ ಬರೆಯದ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಇದು ಆಹಾರ ಪೂರಕದ ವರ್ಗಕ್ಕೆ ಸೇರುವುದರಿಂದ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು. ಆದರೆ ಆ ಸಂಖ್ಯೆ ತಯಾರಕರಿಗೆ ಪರವಾನಗಿ ಇದೆ ಎಂಬುದನ್ನಷ್ಟೇ ಹೇಳುತ್ತದೆ, ಪಿಎಂಎಸ್ ವಾಸಿಯಾಗುತ್ತದೆ ಎಂದು ಯಾರೂ ಪರಿಶೀಲಿಸಿದ್ದಾರೆ ಎಂಬ ಭರವಸೆ ಅದರಲ್ಲಿಲ್ಲ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಐಸೋಫ್ಲೇವೋನ್ ಪೂರಕಗಳಿಂದ ಸ್ತನ, ಗರ್ಭಕೋಶ, ಥೈರಾಯ್ಡ್‌ಗಳಿಗೆ ಹಾನಿಯಾದ ಸೂಚನೆ ಕಾಣುವುದಿಲ್ಲ ಎಂದದ್ದು ಋತುಬಂಧದ ಆಸುಪಾಸಿನ ಮತ್ತು ಆನಂತರದ ಮಹಿಳೆಯರ ಬಗ್ಗೆ. ಇನ್ನೂ ಮುಟ್ಟಾಗುತ್ತಿರುವ ಕಿರಿಯರಿಗೆ ಆ ಮಾತನ್ನು ಅನ್ವಯಿಸಿ ಮಾರುವುದು ಸರಿಯಲ್ಲ.

ಅಗಸೆ ಮತ್ತು ಎಳ್ಳು

ಈ ಎರಡರಲ್ಲಿರುವುದು ಲಿಗ್ನಾನ್ ಎಂಬ ಬೇರೊಂದು ವರ್ಗ. ತಿಂದ ಲಿಗ್ನಾನನ್ನು ಕರುಳಿನ ಬ್ಯಾಕ್ಟೀರಿಯಾಗಳು ಎಂಟರೋಲ್ಯಾಕ್ಟೋನ್ ಮತ್ತು ಎಂಟರೋಡಯಾಲ್ ಆಗಿ ಮಾರ್ಪಡಿಸಿದ ಮೇಲೆಯೇ ಅದಕ್ಕೆ ಈಸ್ಟ್ರೋಜೆನ್‌ನಂತಹ ಗುಣ ಬರುತ್ತದೆ. ಆ್ಯಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ಈ ಪ್ರಮಾಣ ಕುಸಿಯುವುದು ಕಂಡುಬಂದಿದೆ, ಹಾಗಾಗಿ ಜ್ವರಕ್ಕೆಂದು ಅಂಥ ಮಾತ್ರೆ ನುಂಗಿದ ತಿಂಗಳಲ್ಲಿ ಅಗಸೆಯ ಗುಣಾವಗುಣ ಅಳೆಯಲು ಹೋಗಬಾರದು. ಲಿಗ್ನಾನ್ ಅತಿ ಹೆಚ್ಚಾಗಿರುವ ಆಹಾರಗಳಲ್ಲಿ ಅಗಸೆಯೇ ಮೊದಲನೆಯದು. ಎಳ್ಳೂ ಒಳ್ಳೆಯ ಮೂಲ.

ಅಗಸೆಯ ಪರವಾಗಿರುವ ಗಟ್ಟಿಯಾದ ಮಾತು ಪಿಎಂಎಸ್‌ನ ಒಂದೇ ಲಕ್ಷಣಕ್ಕೆ ಸಂಬಂಧಿಸಿದ್ದು, ಅದು ಮುಟ್ಟಿನ ಮುಂಚೆ ಬರುವ ಸ್ತನನೋವು. ಕೆನಡಾದಲ್ಲಿ ನಡೆದು 2000ದಲ್ಲಿ ವರದಿಯಾದ ಪ್ರಯೋಗದಲ್ಲಿ ದಿನಕ್ಕೆ 25 ಗ್ರಾಂ ಅಗಸೆ ಪುಡಿ ಸೇರಿಸಿದ ತಿನಿಸನ್ನು ಕೊಟ್ಟಾಗ ನೋವು ಇಳಿಯಿತು. ಆ ದೇಶದ ಸ್ತ್ರೀರೋಗ ತಜ್ಞರ ಸಂಘ 2006ರ ಮಾರ್ಗಸೂಚಿಯಲ್ಲಿ ಇಂಥ ನೋವಿಗೆ ಮೊದಲ ಹಂತದಲ್ಲೇ ಅಗಸೆಯನ್ನು ಪರಿಗಣಿಸಬಹುದೆಂದು ಹೇಳಿತು. ಸಿಡುಕು, ಬೇಸರ, ಅಳುವಿಗೆ ಇಂಥದೇ ಆಧಾರವಿಲ್ಲ. ಸ್ತನಗಳ ಬಿಗಿತವೇ ಮುಖ್ಯ ದೂರಾಗಿರುವ, ಬೇರೆ ಕಾಯಿಲೆಯಿಲ್ಲದ ಮಹಿಳೆ ನನ್ನನ್ನು ಕೇಳಿದರೆ ಕ್ಯಾಪ್ಸೂಲಿಗೆ ಮೊದಲು ನಾನು ಹೇಳುವ ಹೆಸರು ಅಗಸೆ.

ಬಳಸುವ ಕ್ರಮ ಮುಖ್ಯ. ಇಡೀ ಬೀಜ ಅಗಿಯದೆ ನುಂಗಿದರೆ ಹಾಗೆಯೇ ಹೊರಹೋಗುತ್ತದೆ, ಅಗಸೆ ಎಣ್ಣೆಯಲ್ಲಿ ಲಿಗ್ನಾನ್ ಇಲ್ಲವೆನ್ನುವಷ್ಟು ಕಡಿಮೆ. ಬೀಜವನ್ನು ಹದವಾಗಿ ಹುರಿದು ಪುಡಿ ಮಾಡಿ ಮಜ್ಜಿಗೆ, ದೋಸೆ ಹಿಟ್ಟು ಅಥವಾ ಚಟ್ನಿಪುಡಿಯಲ್ಲಿ ಬೆರೆಸಬೇಕು. ದಿನಕ್ಕೆ ಒಂದು ದೊಡ್ಡ ಚಮಚದಿಂದ ಆರಂಭಿಸಿ, ಹೊಟ್ಟೆ ಒಪ್ಪಿದಂತೆ ಎರಡು ಮೂರಕ್ಕೆ ಏರಿಸಬಹುದು. ನಾರು ಹೆಚ್ಚಿರುವುದರಿಂದ ನೀರು ಚೆನ್ನಾಗಿ ಕುಡಿಯದಿದ್ದರೆ ಮಲಬದ್ಧತೆ, ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅಗಸೆ ಪುಡಿ ಬೇಗ ತೇವ ಎಳೆದುಕೊಂಡು, ಎಣ್ಣೆಯಂಶ ಕೆಟ್ಟು, ಮುಗ್ಗಲು ವಾಸನೆ ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನೊಳಗೆ ಇಡಬೇಕು.

ಎಳ್ಳಿನ ವಿಷಯ ಚುಟುಕಾಗಿ ಮುಗಿಯುತ್ತದೆ. ಪಿಎಂಎಸ್‌ಗೆ ಎಳ್ಳನ್ನು ಔಷಧವೆನ್ನುವಷ್ಟು ಸಾಕ್ಷ್ಯವಿಲ್ಲ. ಆದರೆ ಜೋನಿ ಬೆಲ್ಲ ಹಾಕಿದ ಎಳ್ಳುನೀರು, ಎಳ್ಳುಂಡೆ ಇವೆಲ್ಲ ಘಟ್ಟದ ಮೇಲೂ ಕೆಳಗೂ ಹೇಗೂ ಬಳಕೆಯಲ್ಲಿರುವ ತಿನಿಸುಗಳು, ಸೋಯಾ ರುಚಿ ಒಗ್ಗದವರು ಲಿಗ್ನಾನ್‌ಗಾಗಿ ಅವುಗಳನ್ನು ಮುಂದುವರಿಸಲು ಅಡ್ಡಿಯಿಲ್ಲ.

ಬೇರು, ತೊಗಟೆ, ಸೊಪ್ಪು

ಶತಾವರಿಯನ್ನು, ಅಂದರೆ ನಮ್ಮವರು ಹಲವು ಮಕ್ಕಳ ತಾಯಿ ಬೇರು ಎನ್ನುವುದನ್ನು, ಆಯುರ್ವೇದ ಹೆಣ್ಣಿನ ಆರೋಗ್ಯಕ್ಕೆ, ವಿಶೇಷವಾಗಿ ಎದೆಹಾಲಿಗೆ, ಬಹುಕಾಲದಿಂದ ಬಳಸಿದೆ. ಅದರಲ್ಲಿರುವ ಶತಾವರಿನ್ ಎಂಬ ಸಪೋನಿನ್‌ಗಳಿಗೆ ಈಸ್ಟ್ರೋಜೆನ್‌ನಂತಹ ಗುಣವಿದೆ ಎಂದು ಮಾರಾಟಗಾರರು ಹೇಳುವುದು ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ. ಪಿಎಂಎಸ್‌ನಲ್ಲಿ ಸೋಯಾಕ್ಕಿರುವಷ್ಟು ಆಧಾರವೂ ಇದಕ್ಕಿಲ್ಲ.

ಅಶೋಕಾರಿಷ್ಟದ ಬಗ್ಗೆ ಹೆಚ್ಚು ಎಚ್ಚರ ಬೇಕು. ಸಂಪ್ರದಾಯದಲ್ಲಿ ಅದು ಅತಿಯಾದ ರಕ್ತಸ್ರಾವಕ್ಕೆ ಕೊಡುವ ಔಷಧ, ಮುಟ್ಟಿನ ಮುಂಚಿನ ಮನಸ್ಸಿನ ಏರಿಳಿತಕ್ಕಲ್ಲ. ಅತಿಯಾದ ಸ್ರಾವವಿದ್ದರೆ ಮೊದಲು ಹಿಮೋಗ್ಲೋಬಿನ್ ಮತ್ತು ಸ್ಕ್ಯಾನಿಂಗ್ ಮಾಡಿಸಬೇಕು, ಬಾಟಲಿ ಆಮೇಲಿನ ಮಾತು. ಹುದುಗುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯಸಾರ ಮತ್ತು ಬೆಲ್ಲ ಅರಿಷ್ಟದಲ್ಲಿರುವುದರಿಂದ ಮಧುಮೇಹವಿರುವವರು ಅದನ್ನು ಕೇಳದೆ ಕುಡಿಯಬಾರದು. ತೊಗಟೆಯನ್ನೇ ತಂದು ಕಷಾಯ ಮಾಡುವವರಿಗೆ ಇನ್ನೊಂದು ಮಾತು: ಶಾಲೆ ಕಚೇರಿಗಳ ಅಂಗಳದಲ್ಲಿ ನೆಟ್ಟಗೆ ನಿಂತಿರುವ ಕಂಬದ ಅಶೋಕ ಬೇರೆಯೇ ಮರ, ಔಷಧದ ಅಶೋಕಕ್ಕೆ ಅದರ ತೊಗಟೆಯನ್ನು ಬೆರೆಸಿ ಮಾರುವ ರೂಢಿ ಹಳೆಯದು. ನಿಜವಾದ ಸೀತಾ ಅಶೋಕ ನಮ್ಮ ಪಶ್ಚಿಮ ಘಟ್ಟದಲ್ಲೇ ಅಪಾಯದಂಚಿಗೆ ಬಂದಿರುವ ಮರವಾದ್ದರಿಂದ, ಸಂಶಯದ ಫಲಕ್ಕಾಗಿ ಅದರ ತೊಗಟೆ ಸುಲಿಯುವುದು ಆ ಮರಕ್ಕೂ ನ್ಯಾಯವಲ್ಲ.

ಗಿಡಮೂಲಿಕೆಗಳಲ್ಲಿ ಪಿಎಂಎಸ್‌ಗೆ ಹೆಚ್ಚು ಸಾಕ್ಷ್ಯವಿರುವುದು ವೈಟೆಕ್ಸ್ ಆಗ್ನಸ್-ಕ್ಯಾಸ್ಟಸ್ ಎಂಬ, ಮೆಡಿಟರೇನಿಯನ್ ಪ್ರದೇಶದ ಗಿಡದ ಹಣ್ಣಿಗೆ. ಜರ್ಮನಿಯಲ್ಲಿ 170 ಮಹಿಳೆಯರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ಋತುಚಕ್ರಗಳ ಬಳಿಕ, ದಿನಕ್ಕೆ 20 ಮಿಲಿಗ್ರಾಂ ಸಾರ ಪಡೆದವರಲ್ಲಿ ಶೇಕಡಾ 52ರಷ್ಟು ಮಂದಿಗೆ ಲಕ್ಷಣಗಳು ಅರ್ಧಕ್ಕೂ ಹೆಚ್ಚು ಇಳಿದವು. ಔಷಧಾಂಶವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ ಈ ಪ್ರಮಾಣ ಶೇಕಡಾ 24. ‘ನೈಸರ್ಗಿಕ ಈಸ್ಟ್ರೋಜೆನ್’ ಸಾಲಿನಲ್ಲೇ ಇದನ್ನೂ ಇಟ್ಟು ಮಾರುತ್ತಾರಾದರೂ, ಇದು ಮುಖ್ಯವಾಗಿ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕದ ಗ್ರಾಹಕಗಳ ಮೂಲಕ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ತಗ್ಗಿಸಿ ಕೆಲಸ ಮಾಡುತ್ತದೆ ಎಂದು ತಿಳಿಯಲಾಗಿದೆ. ಮಾನಸಿಕ ಕಾಯಿಲೆ ಅಥವಾ ಪಾರ್ಕಿನ್ಸನ್‌ಗೆ ಔಷಧ ತೆಗೆದುಕೊಳ್ಳುವವರಿಗೆ ಇದು ಹೊಂದದಿರುವುದು ಆ ಕಾರಣಕ್ಕೇ. ನಮ್ಮ ಬೇಲಿಗಳಲ್ಲಿ ಬೆಳೆಯುವ, ಮೈಕೈ ನೋವಿಗೆ ಸ್ನಾನದ ನೀರಿಗೆ ಹಾಕುವ ಲಕ್ಕಿ ಗಿಡ ಇದೇ ವೈಟೆಕ್ಸ್ ಕುಲಕ್ಕೆ ಸೇರಿದೆ. ಕುಲ ಒಂದೇ ಆದರೂ ಜಾತಿ ಬೇರೆ. ಆ ಪ್ರಯೋಗದ ಫಲವನ್ನು ಲಕ್ಕಿ ಸೊಪ್ಪಿನ ಕಷಾಯಕ್ಕೆ ಆರೋಪಿಸಿ ಕುಡಿಯಬಾರದು.

ಈಸ್ಟ್ರೋಜೆನ್‌ನ ಹಂಗಿಲ್ಲದ ಆಯ್ಕೆಗಳು

ಹೋಲಿಕೆ ನ್ಯಾಯವಾಗಿರಬೇಕಾದರೆ ಕ್ಯಾಲ್ಸಿಯಂ ಅನ್ನು ಪಕ್ಕದಲ್ಲಿ ಇಡಲೇಬೇಕು. 1998ರಲ್ಲಿ ಪ್ರಕಟವಾದ, ನಾನೂರಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದ್ದ ಅಮೆರಿಕದ ಪ್ರಯೋಗದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರ ಲಕ್ಷಣಗಳು ಮೂರನೆಯ ಚಕ್ರದ ಹೊತ್ತಿಗೆ ಶೇಕಡಾ 48ರಷ್ಟು, ಹುಸಿಮಾತ್ರೆಯವರದ್ದು ಶೇಕಡಾ 30ರಷ್ಟು ಇಳಿದವು. ಇಳಿಕೆ ಕಂಡದ್ದು ಮೈನೋವಿನಲ್ಲಿ ಮಾತ್ರವಲ್ಲ, ಮನಸ್ಸಿನ ಲಕ್ಷಣಗಳಲ್ಲೂ. ಗಾತ್ರದಲ್ಲಿ ಸೋಯಾದ ಪ್ರಯೋಗ ಇದರ ಹತ್ತಿರ ಬರುವುದಿಲ್ಲ, ಬೆಲೆಯಲ್ಲಿ ಕ್ಯಾಲ್ಸಿಯಂ ಮಾತ್ರೆ ತೀರಾ ಅಗ್ಗ. ಊಟದಿಂದ ಪಡೆಯುವುದಾದರೆ ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ, ಹಾಲಿನ 100 ಮಿಲಿಲೀಟರಿನಲ್ಲಿ ಸುಮಾರು 120 ಇದೆ. ಮೀನು ತಿನ್ನುವವರಿಗೆ ಮುಳ್ಳು ಸಹಿತ ಅಗಿಯಬಹುದಾದ ಸಣ್ಣ ತಾರ್ಲೆ ಒಳ್ಳೆಯ ಮೂಲ. ಕರಾವಳಿಯಲ್ಲಿ ದಿನವೂ ಅನ್ನವನ್ನೇ ನೆಚ್ಚಿದ ಊಟದಲ್ಲಿ ರಾಗಿ ಅಪರೂಪ. ವಾರದಲ್ಲಿ ಕೆಲವು ದಿನವಾದರೂ ರಾಗಿ ಅಂಬಲಿ ಅಥವಾ ದೋಸೆ ರೂಢಿಸಿಕೊಂಡರೆ ಈ ಲೆಕ್ಕ ಸ್ವಲ್ಪ ಸರಿಹೋಗುತ್ತದೆ. ಮೂತ್ರಪಿಂಡದ ಕಲ್ಲು ಇದ್ದವರು ಮಾತ್ರೆಗೆ ಮೊದಲು ವೈದ್ಯರನ್ನು ಕೇಳಬೇಕು.

ವಿಟಮಿನ್ ಬಿ6ರ ಸಾಕ್ಷ್ಯ ದುರ್ಬಲ, ಮತ್ತು ದೀರ್ಘಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಬರುತ್ತದೆ. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ಚೆನ್ನಾಗಿ ನಡೆಸಿದ ಪ್ರಯೋಗಗಳಲ್ಲಿ ಹುಸಿಮಾತ್ರೆಯನ್ನು ಮೀರಲಿಲ್ಲ. ಬ್ಲ್ಯಾಕ್ ಕೊಹಾಶ್ ಎಂಬ ಗಿಡಮೂಲಿಕೆ ಬಳಸಿದವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳಿರುವುದರಿಂದ ಅದನ್ನು ನಾನು ಪಟ್ಟಿಯಿಂದಲೇ ತೆಗೆಯುತ್ತೇನೆ.

ಸಿಡುಕು, ಹತಾಶೆ, ಅಳು ಇವು ಕೆಲಸ ಮತ್ತು ಸಂಬಂಧಗಳನ್ನೇ ಕೆಡಿಸುವಷ್ಟು ತೀವ್ರವಾಗಿದ್ದರೆ ಅದು ಪಿಎಂಡಿಡಿ ಎಂಬ, ಪಿಎಂಎಸ್‌ನ ತೀವ್ರ ರೂಪ ಇರಬಹುದು. ಇದಕ್ಕೆ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ಪರಿಣಾಮಕಾರಿ ಎಂಬುದು ಚೆನ್ನಾಗಿ ಸ್ಥಾಪಿತವಾಗಿದೆ. ಖಿನ್ನತೆಯಲ್ಲಿ ಬೇಕಾಗುವಂತೆ ವಾರಗಟ್ಟಲೆ ಕಾಯಬೇಕಾಗಿಲ್ಲ, ವೈದ್ಯರ ಸೂಚನೆಯಂತೆ ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಳ್ಳುವ ಕ್ರಮವೂ ಇದೆ. ಇಂಥವರು ಸೋಯಾ, ಶತಾವರಿ ಎಂದು ತಿಂಗಳುಗಳನ್ನು ಕಳೆಯುವುದು ಬೇಡ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಬಹುದು, ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇದೆ, ಬದುಕೇ ಬೇಡವೆನಿಸುವ ಯೋಚನೆ ಬಂದರೆ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು.

ಪರೀಕ್ಷಿಸುವ ಕ್ರಮ

ಮೇಲಿನ ಪ್ರಯೋಗಗಳಲ್ಲಿ ಹುಸಿಮಾತ್ರೆಯಿಂದಲೇ ಕಾಲುಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಸುಧಾರಣೆ ಕಂಡಿರುವುದನ್ನು ಗಮನಿಸಿದರೆ, ಒಂದು ತಿಂಗಳು ಹಾಯೆನಿಸಿದ ಮಾತ್ರಕ್ಕೆ ಯಾವ ತೀರ್ಮಾನಕ್ಕೂ ಬರಲಾಗದು ಎಂಬುದು ಸ್ಪಷ್ಟ. ಏನನ್ನೂ ಶುರುಮಾಡುವ ಮೊದಲು ಎರಡು ಚಕ್ರಗಳ ಕಾಲ ಕ್ಯಾಲೆಂಡರಿನ ಮನೆಗಳಲ್ಲೇ ದಿನದಿನದ ಲಕ್ಷಣಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಬರೆಯಬೇಕು. ಮುಟ್ಟು ಮುಗಿದ ಮೇಲಿನ ವಾರದಲ್ಲೂ ಅಂಕ ಇಳಿಯದಿದ್ದರೆ ಅದು ಪಿಎಂಎಸ್ ಆಗಿರಲಾರದು. ಥೈರಾಯ್ಡ್, ರಕ್ತಹೀನತೆ, ಖಿನ್ನತೆಗಳನ್ನು ಪರೀಕ್ಷಿಸಿಕೊಳ್ಳಬೇಕು. ಇಳಿದರೆ ಒಂದೇ ಒಂದು ವಸ್ತುವನ್ನು ಆಯ್ದು ಮೂರು ಚಕ್ರ ನಡೆಸಬೇಕು. ಸ್ತನನೋವು ಮುಂದಿದ್ದರೆ ಅಗಸೆ. ಬಾವು, ಹಿಡಿತ, ತಲೆನೋವಾದರೆ ಊಟದ ಸೋಯಾ. ಎಲ್ಲವೂ ಕಲಸಿದಂತಿದ್ದರೆ ಕ್ಯಾಲ್ಸಿಯಂ. ಎರಡನ್ನು ಒಟ್ಟಿಗೆ ಶುರುಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾ ಅಥವಾ ಕ್ಯಾಲ್ಸಿಯಂಗೂ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಬೇಕು, ಏಕೆಂದರೆ ಇವು ಮಾತ್ರೆ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಗರ್ಭಿಣಿಯರು, ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿರುವವರು, ಹಾರ್ಮೋನಿಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಆಗಿದ್ದವರು, ಗರ್ಭಕೋಶದ ಗಡ್ಡೆ ಅಥವಾ ಎಂಡೋಮೆಟ್ರಿಯೋಸಿಸ್ ಇರುವವರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಐಸೋಫ್ಲೇವೋನ್ ಕ್ಯಾಪ್ಸೂಲ್, ವೈಟೆಕ್ಸ್, ಅರಿಷ್ಟ ಯಾವುದನ್ನೂ ತಾವಾಗಿ ಆರಂಭಿಸಬಾರದು. ಊಟದಲ್ಲಿ ಬರುವ ಮಿತವಾದ ಸೋಯಾ, ಎಳ್ಳಿಗೆ ಇಷ್ಟು ಹೆದರಿಕೆ ಬೇಡ, ಸೋಯಾ ಅಲರ್ಜಿ ಇದ್ದವರ ಮಾತು ಬೇರೆ. ಸ್ತನದಲ್ಲಿ ಕೈಗೆ ಸಿಗುವ ಗಂಟು, ಒಂದೇ ಕಡೆಯ ನೋವು, ತೊಟ್ಟಿನಿಂದ ರಕ್ತ ಅಥವಾ ಸ್ರಾವ ಕಂಡರೆ ಅಗಸೆಯ ಮೂರು ತಿಂಗಳ ಪರೀಕ್ಷೆಗೆ ಕಾಯದೆ ಆ ವಾರದಲ್ಲೇ ವೈದ್ಯರಿಗೆ ತೋರಿಸಬೇಕು.